ಜುಲೈ ಮಳೆ, ಎರಡು ಊರು

ಜುಲೈ ಬಂತು ಅಂದರೆ ಅಮ್ಮನ ಫೋನಿನಲ್ಲಿ ಮಾತಿಗಿಂತ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದೇ ಜಾಸ್ತಿ. 'ಅಲ್ಲೂ ಮಳೆ ಹಿಡೀತೇನಾ ಮಾರಾಯ?' ಅಂತ ತೀರ್ಥಹಳ್ಳಿಯಿಂದ ಕೇಳುತ್ತಾಳೆ. ಹೌದು, ನಾನಿರುವ ಆಸ್ಟ್ರೇಲಿಯಾದ ಪರ್ತ್‌ನಲ್ಲೂ ಜೂನ್, ಜುಲೈನಲ್ಲೇ ಮಳೆ ಜೋರು. ಎರಡೂ ಮಳೆಗಳು ಹಿಂದೂ ಮಹಾಸಾಗರದ ಕಡೆಯಿಂದಲೇ ಬರುತ್ತವೆ. ಮೊದಲ ವರ್ಷ ಊರಿನ ಮಳೆಯೇ ಸಿಕ್ಕಿತು ಅಂತ ಎಷ್ಟು ಖುಷಿಪಟ್ಟಿದ್ದೆ!

ಆದರೆ ಇಲ್ಲಿ ಜುಲೈ ಅಂದರೆ ಚಳಿಗಾಲ. ಪಶ್ಚಿಮದ ತಣ್ಣನೆಯ ಗಾಳಿ ಒಂದೆರಡು ದಿನ ಮಳೆ ಸುರಿಸಿ ಹೋಗುತ್ತದೆ, ಮತ್ತೆ ಬಿಸಿಲು. ಬೇಸಿಗೆಯಲ್ಲಿ ಹೆಚ್ಚು ಒತ್ತಡದ ಗಾಳಿಯ ಪಟ್ಟಿ ದಕ್ಷಿಣಕ್ಕೆ ಸರಿದು ಕೂರುತ್ತದೆ. ಅಲ್ಲಿ ಗಾಳಿ ಮೇಲಿಂದ ಕೆಳಗಿಳಿಯುವುದರಿಂದ ಮೋಡವೇ ಕಟ್ಟುವುದಿಲ್ಲ. ಗ್ರೀಸ್, ಕ್ಯಾಲಿಫೋರ್ನಿಯಾ, ಕೇಪ್‌ಟೌನ್‌ಗಳದೂ ಇದೇ ಕಥೆ. ಇದಕ್ಕೆ ಮೆಡಿಟರೇನಿಯನ್ ಹವೆ ಅನ್ನುತ್ತಾರೆ. ನಮ್ಮ ಮುಂಗಾರಿನ ಗಾಳಿಯೂ ಸಮಭಾಜಕದ ದಕ್ಷಿಣದಿಂದಲೇ ಹೊರಡುತ್ತದೆ. ಆದರೆ ಅದು ಅರಬ್ಬಿ ಸಮುದ್ರದ ನೀರು ಹೊತ್ತು, ಘಟ್ಟಕ್ಕೆ ಬಡಿದು, ಮೇಲೇರಿ ತಣ್ಣಗಾಗಿ ತಿಂಗಳುಗಟ್ಟಲೆ ಸುರಿಯುತ್ತದೆ.

ಹವೆಗಳಿಗೆ ಹೀಗೆ ವರ್ಗ ಕಟ್ಟಿದವರು ಹವಾಮಾನ ವಿಜ್ಞಾನಿ ವ್ಲಾಡಿಮಿರ್ ಕೊಪೆನ್. ಹುಟ್ಟಿದ್ದು 1846ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಗಿಡಮರ ನೋಡಿ ಹವೆ ಓದಿದವರು ಅನ್ನುವುದೇ ನನಗೆ ಅವರಲ್ಲಿ ತುಂಬಾ ಇಷ್ಟ. ಅವರ ಪದ್ಧತಿಯಲ್ಲಿ ಈಗ ಬಳಸುವ ಒಂದು ಲೆಕ್ಕ ನಮ್ಮ ಜಿಲ್ಲೆಗೇ ಹೇಳಿ ಮಾಡಿಸಿದಂತಿದೆ. ವರ್ಷದ ಮಳೆಯನ್ನು ಮಿಲಿಮೀಟರಿನಲ್ಲಿ 25ರಿಂದ ಭಾಗಿಸಿ, 100ರಲ್ಲಿ ಕಳೆಯಬೇಕು. ಅತಿ ಒಣ ತಿಂಗಳ ಮಳೆ ಅದಕ್ಕಿಂತ ಕಮ್ಮಿಯಾದರೆ ಸವನ್ನಾ (ಒಣಗಾಲ ಉದ್ದವಿರುವ ಹುಲ್ಲುಗಾವಲಿನ ಹವೆ), ಇಲ್ಲದಿದ್ದರೆ ಮುಂಗಾರು ಹವೆ. ಆಗುಂಬೆಗೆ 7000 ಮಿ.ಮೀ.ಗೂ ಜಾಸ್ತಿ ಮಳೆ, ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಹಾಗಾಗಿ ಜನವರಿಯಲ್ಲಿ ಹನಿ ಬೀಳದಿದ್ದರೂ ಅದು ಮುಂಗಾರು ಹವೆಯೇ. ಮಳೆಗಾಲದಲ್ಲಿ ನೆಲ ಕುಡಿದ ನೀರೇ ಕಾಡನ್ನು ಹಸಿರಾಗಿ ಇಡುತ್ತದೆ. ನೂರು ಕಿಲೋಮೀಟರ್ ಕೂಡ ದೂರವಿಲ್ಲದ ಶಿವಮೊಗ್ಗ ಪೇಟೆ ಮಾತ್ರ ಸವನ್ನಾ! ಒಂದೇ ಬಸ್ಸಿನ ದಾರಿಯಲ್ಲಿ ಎರಡು ಹವೆ, ಅಲ್ವಾ?

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಇಲ್ಲಿನ ಬ್ಯಾಂಕ್ಸಿಯಾ ಗಿಡದ ಎಲೆ ತೋರಿಸಿದೆ. ಸಣ್ಣಗೆ, ಉದ್ದಕ್ಕೆ, ಬೆತ್ತದ ಹಾಗೆ ಗಟ್ಟಿ. ಅಂಚಿಗೆ ಗರಗಸದ ಹಲ್ಲು. ಅವಳ ಹಿತ್ತಿಲ ಕೆಸುವಿನ ಎಲೆಗೂ ಇದಕ್ಕೂ ಸಂಬಂಧವೇ ಇಲ್ಲ.

'ತಿರುಗಿಸು, ಹಿಂಭಾಗ ತೋರ್ಸು' ಅಂದಳು.

ತಿರುಗಿಸಿದೆ. ಅಡಿಯಲ್ಲಿ ಬಿಳಿಯ ಸಣ್ಣ ರೋಮ.

'ನೋಡು, ನೀರು ಆರಿ ಹೋಗಬಾರ್ದು ಅಂತ ಕಂಬಳಿ ಹೊದ್ಕೊಂಡಿದೆ' ಅಂದಳು.