ಚಪ್ಪಾಳೆ ಇಲ್ಲದ ಸಭೆ

ಏಪ್ರಿಲ್ ಅಥವಾ ಅಕ್ಟೋಬರ್ ತಿಂಗಳ ಮೊದಲ ಭಾನುವಾರದ ಹೊತ್ತಿಗೆ ಅಮೆರಿಕದ ಸಾಲ್ಟ್ ಲೇಕ್ ಸಿಟಿಗೆ ಹೋಗುವವರು ಹೋಟೆಲ್ ಮೊದಲೇ ಬುಕ್ ಮಾಡಿಕೊಳ್ಳುವುದು ಒಳ್ಳೆಯದು. ಮಾರ್ಮನ್ ಎಂಬ ಚರ್ಚ್‌ನವರ ಮಹಾಸಭೆ, ಅಂದರೆ ಜನರಲ್ ಕಾನ್ಫರೆನ್ಸ್, ನಡೆಯುವುದು ಆಗಲೇ. ನಾನು ಹೋದದ್ದು 2018ರ ವಸಂತದಲ್ಲಿ. ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲೇ ಇಳಿದಿದ್ದರಿಂದ ನನಗೆ ಆ ಚಿಂತೆ ಇರಲಿಲ್ಲ. ಅವರು, ಅವರ ಹೆಂಡತಿ, ವಯಸ್ಸಾದ ತಾಯಿ, ಕಾಲೇಜಿಗೆ ಹೋಗುವ ಮಗಳು. ಎಲ್ಲರೂ ಆ ಚರ್ಚ್‌ನ ಸದಸ್ಯರೇ. ಮನೆಯಲ್ಲಿ ಕಾಫಿಯೂ ಇಲ್ಲ, ಟೀಯೂ ಇಲ್ಲ. ಅವರ ಧರ್ಮಕ್ಕೆ ಎರಡೂ ಆಗುವುದಿಲ್ಲ. ಬೆಂಗಳೂರಿನವನಿಗೆ ಇದು ಸಣ್ಣ ಕಷ್ಟವಲ್ಲ ಬಿಡಿ.

ಊರಿನ ಪೂರ್ವಕ್ಕೆ ವಾಸಾಚ್ ಬೆಟ್ಟಸಾಲು. ನೆತ್ತಿಯಲ್ಲಿ ಇನ್ನೂ ಹಿಮವಿತ್ತು. 1847ರಲ್ಲಿ ಮಾರ್ಮನ್ನರ ಮುಖಂಡ ಬ್ರಿಗಮ್ ಯಂಗ್ ಜೊತೆ ವಲಸೆ ಬಂದವರು ಕಟ್ಟಿದ ಊರು ಇದು. ನಟ್ಟ ನಡುವೆ ಟೆಂಪಲ್ ಸ್ಕ್ವೇರ್. ಅಲ್ಲಿನ ಕಲ್ಲಿನ ಟೆಂಪಲ್, ಅಂದರೆ ಅವರ ವಿಶೇಷ ವಿಧಿಗಳು ನಡೆಯುವ ಕಟ್ಟಡ, ಕಟ್ಟಿ ಮುಗಿಸಲು 40 ವರ್ಷ ಹಿಡಿಯಿತಂತೆ. 1853ಕ್ಕೆ ಶುರು, 1893ಕ್ಕೆ ಮುಕ್ತಾಯ. ರಸ್ತೆ ದಾಟಿದರೆ ಕಾನ್ಫರೆನ್ಸ್ ಸೆಂಟರ್. ಸುಮಾರು 21,000 ಜನ ಕೂರುವ ಸಭಾಂಗಣ.

ಕಾನ್ಫರೆನ್ಸ್‌ನ ಹಿಂದಿನ ದಿನವೇ ಊರಲ್ಲಿ ಒಂದು ಮೆರವಣಿಗೆ ನಡೆದಿತ್ತು. ಸ್ಥಳೀಯ ಸಭೆಗಳ ಮುಖ್ಯಸ್ಥರಾದ ಬಿಷಪ್‌ಗಳು ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಸಂದರ್ಶನ ಮಾಡುವ ಪದ್ಧತಿ ಇಲ್ಲಿದೆ. ಅಲ್ಲಿ ಲೈಂಗಿಕ ವಿಷಯದ ಪ್ರಶ್ನೆ ಕೇಳುವುದು ನಿಲ್ಲಬೇಕು ಎಂದು ನೂರಾರು ಜನ ಚರ್ಚ್‌ನ ಮುಖ್ಯ ಕಚೇರಿವರೆಗೂ ನಡೆದಿದ್ದರು. "ಚರ್ಚ್ ಬಿಟ್ಟವರ ಗಲಾಟೆ" ಎಂದರು ಸ್ನೇಹಿತರು. "ಬಿಡದೇ ಇರುವವರೂ ಇದ್ದರು, ಅಪ್ಪ. ನನ್ನ ಗೆಳತಿಯರೇ ಇದ್ದರು" ಎಂದಳು ಮಗಳು. ಅಜ್ಜಿ ಮಾತು ಬದಲಿಸಿದರು.

ಶನಿವಾರ ಬೆಳಗಿನ ಸಭೆಗೆ ನನಗೂ ಟಿಕೆಟ್ ಸಿಕ್ಕಿತ್ತು. ಟಿಕೆಟ್‌ಗೆ ದುಡ್ಡಿಲ್ಲ. ಬಾಗಿಲಲ್ಲಿ ಬೋರ್ಡ್ ಹಿಡಿದು ಕೂಗುತ್ತಿದ್ದ ಬೇರೆ ಪಂಗಡದ ಬೋಧಕರನ್ನು ದಾಟಿ ಒಳಗೆ ಹೋದರೆ ಪೂರ್ತಿ ನಿಶ್ಶಬ್ದ. ಅಂದು ವಿಶೇಷ ದಿನ. ಜನವರಿಯಲ್ಲಿ ಚರ್ಚ್‌ನ ಅಧ್ಯಕ್ಷ ಥಾಮಸ್ ಮಾನ್ಸನ್ ತೀರಿಕೊಂಡಿದ್ದರು. ಅವರ ಜಾಗಕ್ಕೆ ಬಂದ ರಸೆಲ್ ನೆಲ್ಸನ್‌ರನ್ನು ಸದಸ್ಯರು ಪ್ರವಾದಿ ಎಂದು ಒಪ್ಪಿಕೊಳ್ಳಬೇಕಿತ್ತು. ಅವರಿಗಾಗ 93 ವರ್ಷ. ಹಿಂದೆ ಹೃದಯದ ಶಸ್ತ್ರಚಿಕಿತ್ಸಕರಾಗಿದ್ದವರು. ಮೊದಲು ಮುಖಂಡರು, ಆಮೇಲೆ ಗಂಡಸರು, ಹೆಂಗಸರು, ಹುಡುಗರು, ಹುಡುಗಿಯರು ಬೇರೆ ಬೇರೆ ಗುಂಪಾಗಿ ಎದ್ದು ಬಲಗೈ ಎತ್ತಿದರು. ಕೊನೆಗೆ ಎಲ್ಲರೂ ಒಟ್ಟಿಗೆ. ಸುತ್ತ ಅಷ್ಟೂ ಜನ ನಿಂತಿರುವಾಗ ನಾನೊಬ್ಬ ಕುಳಿತೇ ಇದ್ದೆ. ಮುಜುಗರವಾಯಿತು, ಆದರೆ ಎದ್ದಿದ್ದರೆ ಸುಳ್ಳಾಗುತ್ತಿತ್ತು.

ಅದೇ ಸಭೆಯಲ್ಲಿ ಇಬ್ಬರು ಹೊಸ ಅಪೊಸ್ತಲರ, ಅಂದರೆ ಚರ್ಚ್‌ನ ಹಿರಿಯ ಮುಖಂಡರ, ಹೆಸರು ಬಂತು. ಚೀನೀ ಮೂಲದ ಅಮೆರಿಕನ್ ಗೆರಿಟ್ ಗಾಂಗ್, ಬ್ರೆಜಿಲ್‌ನ ಯುಲಿಸೆಸ್ ಸೊವಾರೆಸ್. ಪಕ್ಕದ ಸಾಲಿನಲ್ಲಿ ಒಂದು ಕುಟುಂಬ ಕಣ್ಣೊರೆಸಿಕೊಂಡಿತು. ಚಪ್ಪಾಳೆ ಮಾತ್ರ ಇಲ್ಲ. ಇಲ್ಲಿ ಯಾವ ಉಪದೇಶಕ್ಕೂ ಚಪ್ಪಾಳೆ ಹೊಡೆಯುವುದಿಲ್ಲ, ಮುಗಿದ ಮೇಲೆ ಎಲ್ಲರೂ ಒಂದು 'ಆಮೆನ್' ಅನ್ನುತ್ತಾರೆ ಅಷ್ಟೆ. ಯಾರಿಗೆ ಹಿಡಿಸಿತು, ಯಾರಿಗೆ ಇಲ್ಲ ಎಂದು ಸಭಾಂಗಣದಲ್ಲಿ ತಿಳಿಯುವುದೇ ಇಲ್ಲ. ಅದಕ್ಕೆ ಕಾರಿಗೆ ಹತ್ತಬೇಕು.

ಕಾರಿನಲ್ಲಿ ಸ್ನೇಹಿತರ ಹೆಂಡತಿ ಮೊದಲು ಬಾಯಿಬಿಟ್ಟರು. ಅವರಿಗೆ ಬೇಜಾರು ಡೀಟರ್ ಉಖ್ಟ್‌ಡೋರ್ಫ್ ವಿಷಯದಲ್ಲಿ. ಜರ್ಮನಿಯ ಈ ಹಳೆಯ ಪೈಲಟ್ ಮಾನ್ಸನ್‌ರ ಸಲಹೆಗಾರರಾಗಿದ್ದರು. ಹೊಸ ಅಧ್ಯಕ್ಷರು ಅವರನ್ನು ಆ ಜಾಗದಲ್ಲಿ ಮುಂದುವರಿಸಲಿಲ್ಲ. "ನನ್ನಂಥವರ ಸಂಶಯಕ್ಕೂ ಜಾಗ ಕೊಟ್ಟು ಮಾತಾಡುತ್ತಿದ್ದವರು ಅವರೊಬ್ಬರೇ" ಎಂದರು. ಒಂದು ಗಂಟೆ ಮೊದಲು ಅವರೂ ಕೈ ಎತ್ತಿದ್ದರು! ಕೇಳಿದೆ. "ಎತ್ತಿದ್ದೂ ನಿಜ, ಬೇಜಾರೂ ನಿಜ" ಎಂದರು. ನನಗೆ ಆ ಉತ್ತರ ತುಂಬಾ ಹಿಡಿಸಿತು.

ಭಾನುವಾರ ಈಸ್ಟರ್. ಅಂದಿನ ಸಭೆಗಳನ್ನು ಮನೆಯಲ್ಲೇ ಟೀವಿಯಲ್ಲಿ ನೋಡಿದೆವು. ಬಹಳ ಮನೆಗಳಲ್ಲಿ ಹೀಗೆಯೇ ಅಂತೆ. ರಾತ್ರಿ ಉಡುಪಿನಲ್ಲೇ ಸೋಫಾ ಹಿಡಿಯುವುದು, ಬಿಸಿ ಸಿನ್ನಮನ್ ರೋಲ್ ತಿನ್ನುವುದು. ಎರಡು ಗಂಟೆಯ ಸಭೆ, ಹತ್ತು ಹದಿನೈದು ನಿಮಿಷದ ಒಂದೊಂದು ಉಪದೇಶ. ಅಜ್ಜಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಿದ್ದರು. ಸ್ನೇಹಿತರು ಮೂರನೇ ಉಪದೇಶಕ್ಕೆ ಗೊರಕೆ. ನೆಲ್ಸನ್ ಮಾತಾಡಿದ್ದು ದೇವರಿಂದ ಪ್ರತಿಯೊಬ್ಬರೂ ಪಡೆಯಬಹುದಾದ ಪ್ರೇರಣೆಯ ಬಗ್ಗೆ. ಅಜ್ಜಿ ಆ ಪುಟಕ್ಕೆ ಅಡಿಗೆರೆ ಎಳೆದರು. "ನನಗೆ ಬಂದ ಪ್ರೇರಣೆ ಅವರದಕ್ಕಿಂತ ಬೇರೆ ಇದ್ದರೆ?" ಎಂದು ಮೊಮ್ಮಗಳು ನನ್ನ ಕಿವಿಯಲ್ಲಿ ಕೇಳಿದಳು. ನನ್ನನ್ನು ಯಾಕೆ ಕೇಳಿದಳೋ!

ಆ ಕಾನ್ಫರೆನ್ಸ್‌ನಲ್ಲಿ ಅಪೊಸ್ತಲ ಕ್ವೆಂಟಿನ್ ಕುಕ್ ಬಲವಂತದ ಲೈಂಗಿಕ ಕೃತ್ಯಗಳು ಬಯಲಾಗುತ್ತಿರುವುದು ಒಳ್ಳೆಯದು ಎಂದಿದ್ದರು. ಒಪ್ಪಿಗೆಯ ಅನೈತಿಕತೆಯೂ ತಪ್ಪೇ ಎಂದು ಮುಂದೆ ಸೇರಿಸಿದ್ದರು. "ಆ ವೇದಿಕೆಯಿಂದ ಇಷ್ಟು ಕೇಳಿದ್ದೇ ದೊಡ್ಡದು" ಎಂದು ಅಪ್ಪ. "ಎರಡನ್ನೂ ಒಂದೇ ತಕ್ಕಡಿಗೆ ಯಾಕೆ ಹಾಕಬೇಕು?" ಎಂದು ಮಗಳು. ನನಗೂ ಮಗಳ ಮಾತೇ ಸರಿ ಅನ್ನಿಸಿತು. ಅತಿಥಿ ಅಲ್ವಾ, ಸುಮ್ನೆ ಇದ್ದೆ.

ಆದರೆ ಮನೆ ಇಬ್ಭಾಗವಾದದ್ದು ಇದಕ್ಕಲ್ಲ. ಮಧ್ಯಾಹ್ನ 'ಹೋಮ್ ಟೀಚಿಂಗ್' ರದ್ದು ಎಂದು ನೆಲ್ಸನ್ ಘೋಷಿಸಿದ್ದಕ್ಕೆ. ಚರ್ಚ್‌ನ ಇಬ್ಬರು ಗಂಡಸರು ತಮಗೆ ಒಪ್ಪಿಸಿದ ಮನೆಗಳಿಗೆ ಪ್ರತಿ ತಿಂಗಳು ಹೋಗಿ ಮಾತಾಡಿಸಿ ವರದಿ ಕೊಡಬೇಕಿತ್ತು. ಹೆಂಗಸರಿಗೂ ಇಂಥದ್ದೇ ಏರ್ಪಾಡಿತ್ತು. ಇನ್ನು ಮುಂದೆ ಲೆಕ್ಕ ಒಪ್ಪಿಸುವ ಭೇಟಿ ಬೇಡ, ಅಗತ್ಯ ನೋಡಿ ನೆರವಾಗಿ ಎಂಬುದು ಹೊಸ ಕ್ರಮ. ನಿದ್ದೆಯಿಂದ ಎದ್ದ ಸ್ನೇಹಿತರಿಗೆ ಹಬ್ಬ. ತಿಂಗಳ ಕೊನೆಯ ದಿನ ಟೈ ಕಟ್ಟಿಕೊಂಡು ಓಡುವುದು ತಪ್ಪಿತಲ್ಲ! ಅಜ್ಜಿ ಪೆನ್ನು ಕೆಳಗಿಟ್ಟರು. "ಬರಲೇಬೇಕು ಅಂತ ಇದ್ದಿದ್ದಕ್ಕೆ ಬರ್ತಿದ್ದರು. ಬೇಕಾದರೆ ಬನ್ನಿ ಅಂದರೆ ಯಾರು ಬರ್ತಾರೆ?" ತಿಂಗಳು ತಿಂಗಳು ಬರುತ್ತಿದ್ದವರಲ್ಲಿ ಒಬ್ಬರು ಅವರ ಕೋಣೆಯ ನಲ್ಲಿಯನ್ನೂ ರಿಪೇರಿ ಮಾಡಿಕೊಡುತ್ತಿದ್ದರಂತೆ. ಸೊಸೆ ಅತ್ತೆಯ ಪಕ್ಷ, ಮಗಳು ಮೊದಲ ಸಲ ಅಪ್ಪನ ಪಕ್ಷ.

ಜಗಳದ ನಡುವೆಯೇ ನೆಲ್ಸನ್ ಹೊಸ ಟೆಂಪಲ್‌ಗಳ ಪಟ್ಟಿ ಓದಿದರು. ಒಟ್ಟು ಏಳು. ಅದರಲ್ಲಿ ಬೆಂಗಳೂರು! ಟೀವಿಯಲ್ಲಿ ಇಡೀ ಸಭಾಂಗಣ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ರಷ್ಯಾ ಎಂದಾಗಲೂ ಹಾಗೇ. ಮನೆಯವರೆಲ್ಲ ನನ್ನ ಕಡೆ ತಿರುಗಿ ಅಭಿನಂದಿಸಿದರು, ಜಾಗ ಕೊಡಿಸಿದ್ದು ನಾನೇ ಎಂಬಂತೆ. ಭಾರತದಲ್ಲಿ ಅವರಿಗೆ ಅಲ್ಲಿಯವರೆಗೆ ಒಂದೂ ಟೆಂಪಲ್ ಇರಲಿಲ್ಲ. ಇಲ್ಲಿಯ ಸದಸ್ಯರು ಮದುವೆಯಂಥ ವಿಧಿಗಳಿಗೆ ಹಾಂಗ್‌ಕಾಂಗ್‌ವರೆಗೆ ಹೋಗಬೇಕಿತ್ತು. ವಿಮಾನದ ಖರ್ಚು, ವೀಸಾ, ರಜೆ ನೆನೆದರೆ ಆ ಸಂತೋಷ ಅರ್ಥವಾಗುತ್ತಿತ್ತು. ಪ್ರತಿಷ್ಠೆಯಾದ ಮೇಲೆ ನನ್ನಂಥ ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ ಎನ್ನುವುದು ಮಾತ್ರ ಸ್ವಲ್ಪ ಚುಚ್ಚಿತು. ನಮ್ಮೂರಲ್ಲೇ, ನಾನು ನೋಡಲಾಗದ ಕಟ್ಟಡ. ಪ್ರತಿಷ್ಠೆಗೆ ಮುಂಚೆ ಕೆಲವು ದಿನ ಎಲ್ಲರಿಗೂ ತೆರೆದಿಡುತ್ತಾರೆ, ಆಗ ಹೋಗಿ ಬನ್ನಿ ಎಂದು ಸ್ನೇಹಿತರ ಹೆಂಡತಿ ಸಮಾಧಾನ ಹೇಳಿದರು.

ಅಜ್ಜಿಗೆ ಬೆಂಗಳೂರು ಎಲ್ಲಿದೆ ಎಂದು ಮ್ಯಾಪಿನಲ್ಲಿ ತೋರಿಸಿದೆ. ನೋಡಿ ಖುಷಿಪಟ್ಟರು. ಆಮೇಲೆ ಮಗನ ಕಡೆ ತಿರುಗಿ, ನಲ್ಲಿ ರಿಪೇರಿಯವರ ಫೋನ್ ನಂಬರ್ ಎಲ್ಲಿ ಬರೆದಿಟ್ಟಿದ್ದೀಯ ಎಂದು ಕೇಳಿದರು.