ಉಬುದ್ ದಾರಿಯಲ್ಲಿ ಕಾರು ನಿಂತಾಗ

ಬಾಲಿಗೆ ಹೋಗಿ ಬಂದೆ ಅಂದರೆ ಎಲ್ಲರೂ ಸಮುದ್ರದ ಫೋಟೋ ಕೇಳುತ್ತಾರೆ. ನನ್ನ ಹತ್ತಿರ ಇಲ್ಲ. ನಾನು ಹೋಗಿದ್ದು ಒಳನಾಡಿನ ಉಬುದ್‌ಗೆ, ಹೆಂಗಸರಿಗಾಗಿಯೇ ನಡೆಸುವ ಒಂದು ವೆಲ್‌ನೆಸ್ ಶಿಬಿರಕ್ಕೆ. ಯೋಗ, ಎಣ್ಣೆ ಮಸಾಜು, ಮೌನ, ಸಪ್ಪೆ ಊಟ. ಆದರೆ ಬರೆಯಲು ಕೂತಿದ್ದು ಅಲ್ಲಿಗೆ ಮುಟ್ಟಿದ ರಾತ್ರಿಯ ಸಲುವಾಗಿ.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಒಬ್ಬಳೇ ಪರದೇಶಕ್ಕೆ ಹೊರಟಿದ್ದೇನೆ ಅಂದಾಗ ಸೆಕ್ಟರ್ ತುಂಬ ಸುದ್ದಿಯಾಯಿತು. "ಗುರ್ತು ಇಲ್ಲ, ಪರಿಚಯ ಇಲ್ಲ. ಏನರ ಆದ್ರ ಯಾರನ್ನ ಕರೀತಿ?" ಅಂತ ಅವ್ವ ಊಟ ಬಿಟ್ಟು ಕೂತಳು. ನೆಗೆಣ್ಣಿ ಅಪಹರಣದ ವಿಡಿಯೋ ಹುಡುಕಿ ಕಳಿಸಿದಳು. ಅದು ಬಾಲಿಯದೂ ಅಲ್ಲ, ಇಂಡೋನೇಷ್ಯಾದ್ದೂ ಅಲ್ಲ. ಪಾಸ್‌ಪೋರ್ಟಿಗೆ ಗಂಡನ ಸಹಿ ಬೇಕೇ ಬೇಕು ಅಂತ ಪಕ್ಕದ ಮನೆಯ ಕಾಕಾ ವಾದಿಸಿದರು. ಬೇಡ, ಮದುವೆ ಸರ್ಟಿಫಿಕೇಟೂ ಬೇಡ. ನಮ್ಮ ಮನೆಯವರು ಮಾತ್ರ "ಹೋಗಿ ಬಾ. ಫೋನ್ ಎತ್ತು, ಅಷ್ಟ ಸಾಕು" ಅಂದರು.

ನನಗೇನು ಹೆದರಿಕೆ ಇರಲಿಲ್ಲ ಅಂತಲ್ಲ. ಕತ್ತಲಾದ ಮೇಲೆ ನಮ್ಮೂರಿನಲ್ಲೇ ಆಟೋ ಹತ್ತಿದರೂ ಅದರ ನಂಬರಿನ ಫೋಟೋ ಮಗಳಿಗೆ ಕಳಿಸುವವಳು ನಾನು. ಹಾಗಾಗಿ ದುಡ್ಡು ಕಟ್ಟುವ ಮೊದಲು ಶಿಬಿರದವರಿಗೆ ಸಾಕಷ್ಟು ಕಾಟ ಕೊಟ್ಟೆ. ಹಿಂದೆ ಹೋಗಿ ಬಂದವರ ನಂಬರ್ ಕೇಳಿ ಪುಣೆಯ ಒಬ್ಬಾಕೆಯ ಜೊತೆ ಅರ್ಧ ತಾಸು ಮಾತಾಡಿದೆ. ಕೋಣೆಗೆ ಒಳಗಿನಿಂದ ಚಿಲಕ ಇದೆಯಾ, ರಾತ್ರಿ ಯಾರು ಇರುತ್ತಾರೆ, ಆಸ್ಪತ್ರೆ ಎಷ್ಟು ದೂರ, ಎಲ್ಲ ಕೇಳಿದೆ. ಬಾಲಿಯ ರಾಜಧಾನಿ ಡೆನ್ಪಸಾರ್‌ನಲ್ಲಿ ನಮ್ಮ ದೇಶದ ಕಾನ್ಸುಲೇಟ್ ಕಚೇರಿ ಇದೆ. ಅದರ ನಂಬರನ್ನು ಕಾಗದದ ಮೇಲೆ ಬರೆದು ಪರ್ಸಿನಲ್ಲಿ ಇಟ್ಟುಕೊಂಡೆ. ಫೋನು ಸತ್ತರೆ ಕಾಗದವೇ ಗತಿ, ಅಲ್ವಾ?

ಕೌಲಾಲಂಪುರದಲ್ಲಿ ವಿಮಾನ ತಡವಾಯಿತು. ಡೆನ್ಪಸಾರ್‌ನಲ್ಲಿ ಇಳಿದು, ಐದು ಲಕ್ಷ ರುಪಯ್ಯಾ ಕೊಟ್ಟು ವೀಸಾ ಹಾಕಿಸಿಕೊಂಡು (ಹೆದರಬೇಡಿ, ಅಲ್ಲಿನ ನೋಟಿನಲ್ಲಿ ಸೊನ್ನೆ ಜಾಸ್ತಿ) ಹೊರಗೆ ಬಂದೆ. ನನ್ನ ಹೆಸರಿನ ಬೋರ್ಡು ಹಿಡಿದು ನಿಂತಿರಬೇಕಾದ ಡ್ರೈವರ್ ಇರಲಿಲ್ಲ. ಶಿಬಿರದವರಿಗೆ ಮೆಸೇಜು ಹಾಕಿದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಇಳಕಲ್ ಸೀರೆ ಉಟ್ಟ ಹೆಂಗಸು ಒಬ್ಬಳೇ ನಿಂತಿದ್ದಾಳೆ ಅಂತ ಕಂಡಿದ್ದೇ ತಡ, "ಟ್ಯಾಕ್ಸಿ, ಟ್ಯಾಕ್ಸಿ" ಅಂತ ಹತ್ತಾರು ಜನ ಸುತ್ತುವರಿದರು. ಅವ್ವನ ಮಾತು ಆಗ ನೆನಪಾಯಿತು. ಯಾರನ್ನ ಕರೀತಿ?

ವಿಮಾನ ನಿಲ್ದಾಣದ್ದೇ ಒಂದು ಟ್ಯಾಕ್ಸಿ ಕೌಂಟರ್ ಇದೆ. ಯಾವ ಊರಿಗೆ ಎಷ್ಟು ಅಂತ ದರ ಮೊದಲೇ ಗೊತ್ತಾಗುತ್ತದೆ, ಚೀಟಿ ಕೊಡುತ್ತಾರೆ. ಅಲ್ಲಿಗೆ ಹೋದೆ. ಚೀಟಿ, ಕಾರಿನ ನಂಬರು, ಡ್ರೈವರನ ಮುಖ, ಮೂರರ ಫೋಟೋವೂ ಬೆಂಗಳೂರಿನ ಮಗಳಿಗೆ ಹೋಯಿತು. ವಯಸ್ಸಾದ ಮನುಷ್ಯ. ಸ್ಟಿಯರಿಂಗ್ ಮುಂದೆ ತೆಂಗಿನ ಗರಿಯ ಪುಟ್ಟ ತಟ್ಟೆ, ಅದರಲ್ಲಿ ಹೂವು, ಉರಿದು ಮುಗಿದ ಊದುಬತ್ತಿ. ಅದನ್ನು ನೋಡಿ ಸ್ವಲ್ಪ ಧೈರ್ಯ ಬಂತು. ಹೂವು ಇಟ್ಟವರೆಲ್ಲ ಒಳ್ಳೆಯವರೇ ಅಂತ ಯಾರು ಹೇಳಿದ್ದಾರೆ ಅಂತಲೂ ಅನಿಸಿತು.

ಉಬುದ್‌ಗೆ ಒಂದು ತಾಸಿಗಿಂತ ಜಾಸ್ತಿ ದಾರಿ. ಊರುಗಳೆಲ್ಲ ಮಲಗಿದ್ದವು. ಎರಡೂ ಕಡೆ ಗದ್ದೆಯಿದ್ದ ಒಂದು ಸಣ್ಣ ರಸ್ತೆಯಲ್ಲಿ ಎದುರಿಗೆ ಟಾರ್ಚು ಆಡಿತು. ಕಪ್ಪು ಬಿಳಿ ಚೌಕಡಿಯ ಬಟ್ಟೆ ಸೊಂಟಕ್ಕೆ ಸುತ್ತಿದ ಗಂಡಸರು ರಸ್ತೆಗೆ ಅಡ್ಡ ನಿಂತಿದ್ದರು. ಡ್ರೈವರ್ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿದ.

ಆಗಲೇ ಫೋನು ಹೊಡೆದುಕೊಂಡಿತು. ಮಗಳು ನಿದ್ದೆ ಬಿಟ್ಟು ಮ್ಯಾಪಿನಲ್ಲಿ ನನ್ನ ಚುಕ್ಕೆಯನ್ನೇ ನೋಡುತ್ತಾ ಕೂತಿದ್ದಳು. "ಅವ್ವಾ, ಗಾಡಿ ಯಾಕ ನಿಂತೈತಿ?" ನನಗೆ ಬಾಯಿ ಒಣಗಿತ್ತು. ಒಂದು ಕೈ ಬಾಗಿಲಿನ ಹಿಡಿಯ ಮೇಲೆ. ಬಾಗಿಲು ತೆಗೆದು ಓಡುವುದಾದರೂ ಎಲ್ಲಿಗೆ, ಗದ್ದೆಯೊಳಗಾ?

"ಸೆರಮನಿ, ಇಬು" ಅಂದ ಡ್ರೈವರ್. ಅಲ್ಲಿ ನನ್ನ ವಯಸ್ಸಿನ ಹೆಂಗಸರನ್ನೆಲ್ಲ ಇಬು ಅಂತಲೇ ಕರೆಯುತ್ತಾರೆ.

ಕತ್ತಲಿನಿಂದ ಮೊದಲು ಬಂದದ್ದು ಹೆಂಗಸರು. ತಲೆಯ ಮೇಲೆ ಮೊಳದೆತ್ತರಕ್ಕೆ ಹಣ್ಣು, ಹೂವು, ತಿಂಡಿ ಪೇರಿಸಿದ ನೈವೇದ್ಯ. ಕೆಲವರು ಕೈಯನ್ನೂ ಹಿಡಿದಿರಲಿಲ್ಲ. ಮೈಗೆ ಅಂಟಿದ ಲೇಸಿನ ಕುಪ್ಪಸ, ಸೊಂಟಕ್ಕೆ ಹಳದಿ ಶಲ್ಯ. ಹದಿನಾರು ಹದಿನೇಳರ ಹುಡುಗಿಯರು ಏನೋ ಹೇಳಿಕೊಂಡು ನಗುತ್ತಾ ನಡೆದರು. ಒಬ್ಬ ಮುದುಕಿ ನಿಂತು ಬೆನ್ನು ನೆಟ್ಟಗೆ ಮಾಡಿಕೊಂಡು ಮತ್ತೆ ಹೊರಟಳು. ಹಿಂದಿನಿಂದ ಗಮೆಲಾನ್ ವಾದ್ಯದವರು, ಅವರ ಹಿಂದೆ ಮಲಗಿದ ಕೂಸುಗಳನ್ನು ಹೆಗಲಿಗೆ ಹಾಕಿಕೊಂಡ ಗಂಡಸರು. ದೇವಸ್ಥಾನದ ಉತ್ಸವ ಮುಗಿಸಿ ಮನೆಗೆ ಹೊರಟ ಊರು ಅದು. ನಡುರಾತ್ರಿ ದಾಟಿತ್ತು. ಟಾರ್ಚು ಹಿಡಿದವರಲ್ಲಿ ಒಬ್ಬ ನನ್ನ ಕಿಟಕಿಯ ಹತ್ತಿರ ಬಗ್ಗಿ, ತಡ ಮಾಡಿದ್ದಕ್ಕೆ ಕೈ ಮುಗಿದ.

ಬಾಗಿಲಿನಿಂದ ಕೈ ತೆಗೆದು ಗಾಜು ಇಳಿಸಿದೆ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ನಾಟಕ ಬಿಟ್ಟ ಮೇಲೆ ಜನ ನಡೆಯುವುದು ಹೀಗೇ. ಆ ಹೊತ್ತಿನಲ್ಲಿ ಅಲ್ಲಿ ಅವ್ವನೂ ಹೆದರುವುದಿಲ್ಲ, ಬಳೆ ಅಂಗಡಿ ಕಂಡಲ್ಲೆಲ್ಲ ನಿಲ್ಲುತ್ತಾಳೆ. ಮಗಳಿಗೆ ವಿಡಿಯೋದಲ್ಲಿ ತೋರಿಸಿದೆ. "ಸರಿ, ನಾ ಮಲಗ್ತೀನಿ" ಅಂದಳು.

ಶಿಬಿರದ ದಿನಗಳನ್ನು ಬೇಗ ಮುಗಿಸುತ್ತೇನೆ. ದೂರದ ದೇಶದಿಂದ ಬಂದ ಯೋಗದ ಮೇಡಂ ಸೂರ್ಯ ನಮಸ್ಕಾರಕ್ಕೆ ಕ್ಯಾಂಡಲ್ ಹಚ್ಚಿ, ಸುಮ್ನೆ ಒಂದು ತಾಸು ಎಳೆದರು. ನಮ್ಮ ಶಾಲೆಯ ಪಿ.ಟಿ. ಮಾಸ್ತರರು ಇದಕ್ಕಿಂತ ಚೆನ್ನಾಗಿ ಮಾಡಿಸುತ್ತಿದ್ದರು. ಬಟ್ಟಲಿನಲ್ಲಿ ತಣ್ಣಗೆ ರುಬ್ಬಿ ಕೊಡುವ ಹಣ್ಣಿನ ಗಂಜಿ ನನಗೆ ಸೇರಲಿಲ್ಲ. ಟೆಂಪೆ ಮಾತ್ರ ಬಹಳ ಸೇರಿತು. ಸೋಯಾ ಕಾಳನ್ನು ಹುದುಗಿಸಿ ಮಾಡುವ ಗಟ್ಟಿ ಬಿಲ್ಲೆ ಅದು. ಹುರಿದು, ಊರಿನಿಂದ ಒಯ್ದ ಶೇಂಗಾ ಚಟ್ನಿ ಪುಡಿ ಉದುರಿಸಿ ತಿಂದೆ. ಅರಿಶಿನ, ಹುಣಸೆ ಹಾಕಿದ ಜಾಮು ಕಷಾಯವೂ ಚಲೋ ಇತ್ತು. ತೀರ್ಥ ಎಂಪುಲ್ ಎಂಬ ಹಳೆಯ ದೇವಸ್ಥಾನದಲ್ಲಿ ಬುಗ್ಗೆ ನೀರಿಗೆ ತಲೆ ಕೊಟ್ಟು ನಿಂತೆವು. ಮುಟ್ಟಾದವರು ಒಳಗೆ ಬರಬಾರದು ಅಂತ ಅಲ್ಲೂ ಬೋರ್ಡು ಇದೆ. ಇಷ್ಟು ದೂರ ಬಂದರೂ ಇದು ತಪ್ಪಲಿಲ್ಲ.

ದಿನಾ ಬೆಳಿಗ್ಗೆ ನಾನು ಯೋಗ ತಪ್ಪಿಸಿ ಅಡುಗೆಮನೆಯ ಹಿಂದೆ ಹೋಗುತ್ತಿದ್ದೆ. ಅಲ್ಲಿ ಕೆಲಸದ ಹೆಂಗಸು ಎಳೆ ಗರಿ ಸೀಳಿ, ಬಿದಿರ ಕಡ್ಡಿ ಚುಚ್ಚಿ, ಪೂಜೆಯ ತಟ್ಟೆ ಹೆಣೆಯುತ್ತಿದ್ದಳು. ಪೂರ್ವಕ್ಕೆ ಬಿಳಿ ಹೂವು, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ. ಇಬ್ಬರದೂ ಮುರುಕು ಇಂಗ್ಲಿಷು. ಆ ರಾತ್ರಿ ಕಾರು ತಡೆದವರು ಯಾರು ಅಂತ ಕೇಳಿದೆ.

"ಪೆಚಲಾಂಗ್. ಊರಿನ ಕಾವಲಿನವರು. ನನ್ನ ಅಣ್ಣನೂ ಹೋಗುತ್ತಾನೆ."

ಪೊಲೀಸರಲ್ಲ, ಊರವರೇ. ನ್ಯೇಪಿ ಎಂಬ ಮೌನದ ಹಬ್ಬದ ದಿನ ಬಾಲಿಯ ವಿಮಾನ ನಿಲ್ದಾಣವೂ ಬಂದ್ ಇರುತ್ತದೆ. ಅವತ್ತು ರಸ್ತೆಯಲ್ಲಿ ಓಡಾಡುವುದು ಇವರೇ. ಪ್ರತಿ ಕೇರಿಗೂ ಬಂಜಾರ್ ಅಂತ ಒಂದು ಕೂಟ ಇದೆ. ಮದುವೆಯಾದವರು ಅದಕ್ಕೆ ಸೇರಲೇಬೇಕು, ಕೆಲಸಕ್ಕೆ ತಪ್ಪಿಸಿದರೆ ದಂಡ. ಅಪಾಯ ಬಂದರೆ ಕುಲ್‌ಕುಲ್ ಎಂಬ ಮರದ ಡೋಲು ಬಡಿಯುತ್ತಾರೆ, ಎಲ್ಲರೂ ಹೊರಗೆ ಬರುತ್ತಾರೆ. "ಒಳ್ಳೆಯದೇ. ಆದರೆ ನಿದ್ದೆ ಇಲ್ಲ" ಅಂದಳು. "ನೀವು ಇಲ್ಲಿಗೆ ವಿಶ್ರಾಂತಿಗೆ ಬರುತ್ತೀರಿ. ನಾನು ನಿನ್ನೆ ಎರಡಕ್ಕೆ ಮಲಗಿದೆ."

"ರಾತ್ರಿ ಸ್ಕೂಟರಿನಲ್ಲಿ ಒಬ್ಬಳೇ ಹೋಗ್ತೀಯಲ್ಲ, ಹೆದರಿಕೆ ಇಲ್ವಾ?"

"ಇದೆ. ನಾಯಿ."

ನಗೆಮಾತಲ್ಲ. ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ. ನಮ್ಮ ಮನೆಯವರೆಲ್ಲ ಹೆದರಿದ್ದು ಗಂಡಸರಿಗೆ, ನಾಯಿಯ ಹೆಸರನ್ನು ಒಬ್ಬರೂ ಎತ್ತಿರಲಿಲ್ಲ. ಬಾಡಿಗೆ ಸ್ಕೂಟರಿನಿಂದ ಬಿದ್ದು ಕೈಗೆ ಬ್ಯಾಂಡೇಜು ಸುತ್ತಿಕೊಂಡ ಪ್ರವಾಸಿಗಳನ್ನು ಉಬುದ್ ಪೇಟೆಯಲ್ಲಿ ನಾನೇ ನೋಡಿದೆ. ಲೈಸೆನ್ಸ್ ಇಲ್ಲದೆ ಓಡಿಸಿದರೆ ಇನ್ಶೂರೆನ್ಸಿನವರು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ.

ತಟ್ಟೆ ಹೆಣೆಯುವ ಆ ಹೆಂಗಸಿನ ತಂಗಿ ಟರ್ಕಿಯಲ್ಲಿ ಸ್ಪಾ ಕೆಲಸಕ್ಕೆ ಹೋಗಿದ್ದಾಳಂತೆ. ಹೊರಟ ದಿನ ತಾಯಿ ಅತ್ತು ಊಟ ಬಿಟ್ಟಿದ್ದಳಂತೆ. ನಮ್ಮ ಅವ್ವನದೂ ಇದೇ ಕತೆ ಅಂದೆ. ಇಬ್ಬರೂ ನಕ್ಕೆವು. ಆಮೇಲೆ ಗರಿ ಸೀಳುತ್ತಲೇ ಕೇಳಿದಳು, "ಇಂಡಿಯಾಕ್ಕೆ ನಾನು ಒಬ್ಬಳೇ ಬರಬಹುದಾ? ಫೋನಿನಲ್ಲಿ ಏನೇನೋ ತೋರಿಸುತ್ತಾರೆ."

"ಬಾ, ನಮ್ಮ ಮನೆಯಲ್ಲೇ ಇರು. ಸ್ಟೇಷನ್ನಿಗೆ ನಾನೇ ಬರ್ತೀನಿ."

"ನೀವು ಬರುವುದು ತಡವಾದರೆ?"

ನಮ್ಮ ಸ್ಟೇಷನ್ನಿನ ಹೊರಗಿನ ರಸ್ತೆಯನ್ನು ರಾತ್ರಿ ಹನ್ನೊಂದಕ್ಕೆ ನೆನೆಸಿಕೊಂಡೆ. ಒಳಗೇ ಕೂತಿರು, ಹೊರಗೆ ಬರಬೇಡ ಅಂದೆ. ಅವಳು ತಲೆ ಆಡಿಸಿ ಇನ್ನೊಂದು ಗರಿ ತೆಗೆದುಕೊಂಡಳು.

ಹೋಗುವವರಿಗೆ ಒಂದು ಮಾತು. ವಿಮಾನ ತಡವಾದರೆ ಡ್ರೈವರ್ ಎಷ್ಟು ಹೊತ್ತು ಕಾಯುತ್ತಾನೆ, ಹೋಗಿಬಿಟ್ಟರೆ ಟ್ಯಾಕ್ಸಿ ದುಡ್ಡು ಯಾರದು ಅಂತ ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ. ಆದಷ್ಟು ಹಗಲು ಇಳಿಯುವ ವಿಮಾನ ಹಿಡಿಯಿರಿ, ನಾಲ್ಕು ಸಾವಿರ ಜಾಸ್ತಿಯಾದರೂ ಸರಿ. ಆ ರಾತ್ರಿಯ ಟ್ಯಾಕ್ಸಿ ದುಡ್ಡು ಕೇಳಿದರೆ ನಮ್ಮ ಶಿಬಿರದವರು ಮೊದಲು ವಿಮಾನದ ಕಂಪನಿಯನ್ನು ಕೇಳಿ ಅಂದರು, ಆಮೇಲೆ ಅರ್ಧ ಕೊಡುತ್ತೇವೆ ಅಂದರು, ಈಗ ಉತ್ತರವೇ ಇಲ್ಲ. ಚೀಟಿ ನನ್ನ ಹತ್ತಿರ ಇದೆ. ಪ್ರತಿ ಸೋಮವಾರ ಅದರ ಫೋಟೋ ಹಚ್ಚಿ ಒಂದು ಈಮೇಲ್ ಹಾಕುತ್ತೇನೆ.