"ಇಲ್ಲಿ ಯಾರು ಉಜ್ಜಿದ್ರು, ಮೇಡಂ?"

2020ರ ಮೇ 20ರ ಮಧ್ಯಾಹ್ನ ಬೆಂಗಳೂರಲ್ಲಿ ಕಿಟಕಿ ಗಾಜು ಅದುರುವ ಹಾಗೆ ಒಂದು ಸದ್ದು ಬಂತಲ್ಲ, ನೆನಪಿದೆಯಾ? ಭೂಕಂಪವೇನೋ ಅಂತ ಎಷ್ಟೋ ಜನ ಹೆದರಿದ್ದರು. ಸಂಜೆ ಹೊತ್ತಿಗೆ ವಿಷಯ ತಿಳಿಯಿತು. ವಾಯುಪಡೆಯ ಪರೀಕ್ಷಾ ವಿಮಾನವೊಂದು 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದಕ್ಕಿಂತ ಹೆಚ್ಚಿದ್ದ ತನ್ನ ವೇಗವನ್ನು ತಗ್ಗಿಸುವಾಗ ಆದ ಸದ್ದಂತೆ. ಅವತ್ತು ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಒಬ್ಬರು, "ಅಷ್ಟು ಸ್ಪೀಡಲ್ಲಿ ಗಾಳಿ ಉಜ್ಜಿ ವಿಮಾನ ಕಾಯಲ್ವಾ?" ಅಂತ ಕೇಳಿದರು. ನಗೋಕೆ ನನಗೆ ಮುಖ ಇರಲಿಲ್ಲ. ಇದೇ ಉಜ್ಜಾಟದ ಲೆಕ್ಕ ನಂಬಿ ನಾನು ನಮ್ಮ ಲ್ಯಾಬಿನಲ್ಲಿ ಒಂದು ರನ್, ಅಂದರೆ ಒಂದು ಪ್ರಯೋಗ, ಹಾಳು ಮಾಡಿದ್ದೆ.

ಆಗ ಕೆಲಸಕ್ಕೆ ಸೇರಿ ಎಂಟು ತಿಂಗಳು. ನಮ್ಮದು ಶಾಕ್ ಟನಲ್, ಅಂದರೆ ಉದ್ದನೆಯ ಉಕ್ಕಿನ ಕೊಳವೆ. ಒಂದು ಕಡೆ ಹೀಲಿಯಂ ತುಂಬುತ್ತಾ ಹೋಗುತ್ತೇವೆ. ನಡುವೆ ಇರುವ ಡಯಾಫ್ರಮ್ ಅನ್ನುವ ಅಲ್ಯೂಮಿನಿಯಂ ತಡೆತಗಡು ಒತ್ತಡ ತಾಳಲಾರದೆ ಹರಿಯುತ್ತದೆ. ಆಚೆ ತುದಿಯಲ್ಲಿರುವ, ನಾವು ಪರೀಕ್ಷಿಸುವ ಪುಟ್ಟ ಮಾಡೆಲ್ ಮೇಲೆ ಶಬ್ದದ ಎಂಟು ಪಟ್ಟು ವೇಗದ ಗಾಳಿ ಬೀಸುತ್ತದೆ. ಎಷ್ಟು ಹೊತ್ತು? ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡ್. ಅದಕ್ಕೆ ಅರ್ಧ ದಿನದ ತಯಾರಿ!

ಮಾಡೆಲ್ ಮೈ ಮೇಲೆ ಪ್ಲಾಟಿನಂನ ತೆಳು ಪೊರೆಯ ಸೆನ್ಸರ್‌ಗಳಿರುತ್ತವೆ. ಬಿಸಿ ತಾಗಿದರೆ ಅವುಗಳ ರೆಸಿಸ್ಟೆನ್ಸ್ ಏರುತ್ತದೆ. ಆ ಸಿಗ್ನಲ್‌ಗೆ ಆಂಪ್ಲಿಫೈಯರ್ ಗೇನ್, ಅಂದರೆ ಅದನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಅನ್ನುವುದನ್ನು, ಇಡುವುದು ನನ್ನ ಕೆಲಸ. ಗಾಳಿ ಜಾಸ್ತಿ ಉಜ್ಜುವುದು ಉದ್ದನೆಯ ಪಕ್ಕದ ಮೈಯನ್ನೇ ಅಲ್ವಾ ಅಂದುಕೊಂಡು ಅದಕ್ಕೆ ಸರಿಹೊಂದುವ ಗೇನ್ ಇಟ್ಟೆ. ಮೂಗಿನ ತುದಿಯ ಚಾನೆಲ್‌ಗೂ ಸುಮ್ನೆ ಅದನ್ನೇ ಇಟ್ಟೆ.

ಢಮ್ ಅಂತು. ಪರದೆ ನೋಡಿದರೆ ಪಕ್ಕದ ಗೆರೆಗಳು ಚೆನ್ನಾಗಿ ಬಂದಿವೆ. ಮೂಗಿನದು ಸರ್ರನೆ ಮೇಲೆ ಹೋಗಿ, ದೋಸೆ ಹೆಂಚಿನ ಹಾಗೆ ಚಪ್ಪಟೆ. ಆಂಪ್ಲಿಫೈಯರ್ ಮಿತಿ ದಾಟಿತ್ತು. ನಮಗೆ ಮುಖ್ಯವಾಗಿ ಬೇಕಿದ್ದದ್ದೇ ಆ ಸಂಖ್ಯೆ.

ನಮ್ಮ ಹಿರಿಯ ಟೆಕ್ನಿಷಿಯನ್ ಏನೂ ಬೈಯಲಿಲ್ಲ. ಮೂಲೆಯಲ್ಲಿದ್ದ ಕಂಪ್ರೆಸರ್ ಹತ್ತಿರ ಕರೆದುಕೊಂಡು ಹೋಗಿ, ಅದರಿಂದ ಟ್ಯಾಂಕಿಗೆ ಹೋಗುವ ತಾಮ್ರದ ಪೈಪಿನ ಮೇಲೆ ಕೈ ಹಿಡಿಯಲು ಹೇಳಿದರು. ಮುಟ್ಟುವ ಮೊದಲೇ ಶಾಖ ಹೊಡೆಯಿತು. "ಇಲ್ಲಿ ಯಾರು ಉಜ್ಜಿದ್ರು, ಮೇಡಂ? ಗಾಳೀನ ಅಮುಕಿದೀವಿ, ಅಷ್ಟೇ."

ವಿಷಯ ಇಷ್ಟೇ. ವಸ್ತು ಬರುತ್ತಿದೆ ಅನ್ನುವ ಸುದ್ದಿ ಗಾಳಿಯಲ್ಲಿ ಹರಡುವುದೇ ಶಬ್ದದ ವೇಗದಲ್ಲಿ. ಸುದ್ದಿಗಿಂತ ಮೊದಲು ವಸ್ತುವೇ ಬಂದರೆ ಗಾಳಿಗೆ ಸರಿದು ದಾರಿ ಬಿಡಲು ಪುರುಸೊತ್ತಿಲ್ಲ. ಕೂದಲೆಳೆಗಿಂತ ಎಷ್ಟೋ ತೆಳುವಾದ ಶಾಕ್ ವೇವ್‌ನಲ್ಲಿ ಗಾಳಿ ಒಮ್ಮೆಲೇ ಅಮುಕಿಸಿಕೊಂಡು, ಕಾದುಬಿಡುತ್ತದೆ. ಉಜ್ಜಾಟವೇ ಇಲ್ಲ ಅಂತಲ್ಲ, ಪಕ್ಕದ ಮೈಗೆ ಅಂಟಿ ಹರಿಯುವ ಪದರದಲ್ಲಿ ಅದೂ ಕಾಯಿಸುತ್ತದೆ. ಮೂಗಿನ ತುದಿಯಲ್ಲಿ ಮಾತ್ರ ಅಮುಕುವುದರದ್ದೇ ದರ್ಬಾರು.

ಲೆಕ್ಕವೂ ಸುಲಭ. ಹೊರಗೆ ಮೈನಸ್ 56 ಡಿಗ್ರಿ ಇರುವಲ್ಲಿ ತೇಜಸ್ ಯುದ್ಧವಿಮಾನ ತನ್ನ ಗರಿಷ್ಠ ಮ್ಯಾಕ್ 1.6ರಲ್ಲಿ, ಅಂದರೆ ಶಬ್ದದ 1.6 ಪಟ್ಟು ವೇಗದಲ್ಲಿ ಹಾರಿದರೆ ಮೂಗಿನ ತುದಿಯ ಗಾಳಿ ಸುಮಾರು 55 ಡಿಗ್ರಿ. ನಮ್ಮ ಕ್ಯಾಂಟೀನ್ ಕಾಫಿಯೇ ಅದಕ್ಕಿಂತ ಬಿಸಿ. ಮ್ಯಾಕ್ 3 ಆದರೆ 330 ದಾಟುತ್ತದೆ. ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ ಈ ನೆಗೆತ.

ಮೂಗು ಚೂಪಾದಷ್ಟೂ ಒಳ್ಳೆಯದು ಅನ್ನುವುದು ನನ್ನ ಇನ್ನೊಂದು ನಂಬಿಕೆಯಾಗಿತ್ತು. ಅದೂ ಹೋಯಿತು. ಮೊಂಡು ಮೂಗಿನ ಮುಂದೆ ಶಾಕ್ ಮೈಗೆ ತಾಗದೆ ದೂರ ನಿಲ್ಲುತ್ತದೆ, ಜಾಸ್ತಿ ಶಾಖ ಗಾಳಿಯ ಜೊತೆಗೇ ಹೊರಟುಹೋಗುತ್ತದೆ. ಮೂಗಿನ ತ್ರಿಜ್ಯ ನಾಲ್ಕು ಪಟ್ಟಾದರೆ ತುದಿಗೆ ತಾಗುವ ಶಾಖ ಅರ್ಧಕ್ಕಿಳಿಯುತ್ತದೆ. 1950ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳಾದ ಜೂಲಿಯನ್ ಅಲೆನ್ ಮತ್ತು ಎಗರ್ಸ್ ತೋರಿಸಿಕೊಟ್ಟದ್ದು ಇದನ್ನೇ. 2007ರಲ್ಲಿ ಕಕ್ಷೆಯಿಂದ ಮರಳಿ ಬಂಗಾಳ ಕೊಲ್ಲಿಗೆ ಸುರಕ್ಷಿತವಾಗಿ ಇಳಿದ ಇಸ್ರೋದ ಎಸ್‌ಆರ್‌ಇ ಕ್ಯಾಪ್ಸೂಲ್‌ಗೂ ಮೊಂಡು ಮೂಗೇ.

ಈಗ ನಾನು ಹೊಸ ಮಾಡೆಲ್ ಬಂದರೆ ಮೂಗಿನ ಶಾಖವನ್ನು ಮೊದಲು ಕೈಯಲ್ಲೇ ಲೆಕ್ಕ ಹಾಕುತ್ತೇನೆ. ಪ್ರತಿ ಚಾನೆಲ್‌ಗೂ ಬೇರೆ ಗೇನ್.

ಮರುದಿನ ಮತ್ತೆ ರನ್ ಮಾಡಿದೆವು. ಮೂಗಿನ ಗೆರೆ ಪೂರ್ತಿ ಸಿಕ್ಕಿತು. ಆದರೆ ಪಕ್ಕದ ಮೂರನೇ ಸೆನ್ಸರ್ ಮೇಲೆ ಡಯಾಫ್ರಮ್ಮಿನ ಚೂರೊಂದು ಬಂದು ಬಡಿದು, ಪೊರೆಯನ್ನೇ ಕೆರೆದು ಹಾಕಿತ್ತು. ಟೆಕ್ನಿಷಿಯನ್ ಟಾರ್ಚ್ ಹಿಡಿದು ನೋಡಿ, "ಇದು ಮಾತ್ರ ಉಜ್ಜಿದ್ದೇ, ಮೇಡಂ" ಅಂದರು.